ಹಿತ್ತಲಲ್ಲೊಂದು ಬೇರೆ ಒಲೆ

ಗಂಡ ಬಜಾರಪ್ಪ ಇಟ್ಟಿಗೆ ಹೊತ್ತು ಹಿತ್ತಲಿಗೆ ಬಂದದ್ದನ್ನು ಕಂಡ ಕೂಡಲೇ ಪಂಪಮ್ಮನ ಎದೆ ಧಸಕ್ಕೆಂದಿತು. ಕೌತಾಳದ ಆ ಮನೆಗೆ ಸೊಸೆಯಾಗಿ ಬಂದು ಇನ್ನೂ ನಾಲ್ಕು ತಿಂಗಳು. ಒಳಗೆ ಚೆಂದದ ಒಲೆಯಿರುವಾಗ ಹೊರಗೆ ಇನ್ನೊಂದನ್ನು ಯಾರಿಗಾಗಿ ಕಟ್ಟುತ್ತಾರೆಂದು ಆಕೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೆಮ್ಮು ಶುರುವಾಗಿ ಇಪ್ಪತ್ತು ದಿನ. ಸೆರಗನ್ನು ಬಾಯಿಗೊತ್ತಿ, ಬೀಸುವ ಕಲ್ಲಿನ ಸದ್ದಿನಲ್ಲಿ ಅಡಗಿಸಿಕೊಂಡು ಕೆಮ್ಮಿದ್ದಳು. ಬಸುರಾಗಲಿ ಕೆಮ್ಮಾಗಲಿ ಬಚ್ಚಿಟ್ಟರೆ ಮುಚ್ಚಿರುತ್ತದೆಯೇ? ಆಸ್ಪರಿಗೆ ಕೊಟ್ಟ ಅಕ್ಕನಿಗೂ ಹೀಗೇ ಆಗಿತ್ತು. ಕೆಮ್ಮುವ ಸೊಸೆಗೆ ಮೊದಲು ಹಿತ್ತಲಲ್ಲಿ ಬೇರೆ ಒಲೆ, ಆಮೇಲೆ ಬೇರೆ ತಾಟು, ಕೊನೆಗೆ ತವರಿನ ದಾರಿ. ಕ್ಷಯವೋ ಅಲ್ಲವೋ ಎಂದು ವೈದ್ಯರಿಗೆ ತೋರಿಸುವ ಮೊದಲೇ ಅಕ್ಕನ ಗಂಡ ಬಂಡಿ ಹೂಡಿದ್ದ.

ಬಜಾರಪ್ಪ, ಮೇಸ್ತ್ರಿಯನ್ನು ಕರೆಯದೆ, ತಾನೇ ಮಣ್ಣು ಕಲಸಿ, ತುಳಿದು, ಇಟ್ಟಿಗೆ ಇಟ್ಟ. ಕುರಿ ಕಾಯುವವನ ಕೈ. ಒಲೆ ಒಂದು ಕಡೆ ಸೊಟ್ಟಗಾಗಿ ಎರಡು ಸಲ ಬಿತ್ತು. ಬೇರೆ ದಿನವಾಗಿದ್ದರೆ ಪಂಪಮ್ಮ ನಕ್ಕೇ ನಗುತ್ತಿದ್ದಳು. ಇಂದು, ಮೂಗಿನ ತುದಿಗೆ ಕೆಸರು ಮೆತ್ತಿಕೊಂಡ ಈ ಮನುಷ್ಯನನ್ನು ಬಿಟ್ಟು ಹೇಗಿರಲಿ ಎಂದು ಹೆದರಿಹೋದಳು.

"ಪಂಪೀ, ಇಲ್ಲಿ ಬಂದು ಕುಂದ್ರು."

"ಯಾಕ್ರಿ?"

"ಎತ್ತರ ಸರಿ ಐತೇನು ನೋಡಬೇಕು. ನಾನೇನು ನಿನ್ನ ತಿಂತೀನೇನು?"

ಕುಳಿತಳು. ಅವನ ಕಣ್ಣು ಆಕೆಯ ಮೊಣಕೈಯಿಂದ ಒಲೆಯ ಅಂಚಿಗೆ, ಅಲ್ಲಿಂದ ಮುಖಕ್ಕೆ ಬಂದು ಅಲ್ಲೇ ನಿಂತಿತು. ಪಂಪಮ್ಮನ ಕೆನ್ನೆ ಬಿಸಿಯಾಯಿತು. ಹಾಳು ಕೆಮ್ಮು ಆಗಲೇ ಬರಬೇಕೇ! ಹಿತ್ತಲ ಬಾಗಿಲಲ್ಲಿದ್ದ ಅತ್ತೆ ಅಕ್ಕನಾಗಮ್ಮ ಸೆರಗನ್ನು ಮೂಗಿಗೆ ಹಿಡಿದು ಒಳಗೆ ಹೋದಳು.

"ಅತ್ತಿಯೋರು ಹೇಳಿದ್ರೇನ್ರಿ, ಇದನ್ನ ಕಟ್ಟಂತ?"

"ಹೂಂ. ಅವ್ವನೇ ಹೇಳಿದ್ಳು." ಅವನಿಗೆ ಸುಳ್ಳು ಬಾರದು.

ಪಂಪಮ್ಮ ಒಲೆಯ ಮುಂದಿನಿಂದ ಎದ್ದಳು. ಅಂಗಲಾಚುವುದಕ್ಕೂ ಧೈರ್ಯ ಬರಲಿಲ್ಲ.

ಎರಡು ದಿನಕ್ಕೆ ಒಲೆ ಒಣಗಿತು. ಮಧ್ಯಾಹ್ನ ಅದರ ಮೇಲೆ ರೊಟ್ಟಿ ಬಡಿದು, ಪುಂಡಿಪಲ್ಲೆ ಹಾಕಿಕೊಂಡು ಒಬ್ಬಳೇ ಕುಳಿತಳು. ಒಂದು ತುತ್ತು ಗಂಟಲಲ್ಲಿ ಇಳಿಯುವಷ್ಟರಲ್ಲಿ ಬಜಾರಪ್ಪ ಕೈ ತೊಳೆದು ಬಂದು ಎದುರಿಗೆ ಕುಳಿತ. ಆಕೆಯ ತಾಟನ್ನೇ ತನ್ನತ್ತ ಎಳೆದುಕೊಂಡ.

"ಅಯ್ಯೋ, ಎಂಜಲ ಐತ್ರಿ! ಬಿಡ್ರಿ, ನಿಮಗ ಅಂಟಿದ್ರ?"

"ಒಲಿ ಬ್ಯಾರೆ ಮಾಡು ಅಂದ್ಳು ಅವ್ವ. ಮಾಡಿನಿ. ಮೇಸ್ತ್ರಿನ ಕರದಿದ್ರ ಊರಿಗೆಲ್ಲ ಡಂಗುರ ಹೊಡಿತಿದ್ದ, ಅದಕ್ಕ ನಾನೇ ಕಟ್ಟಿನಿ. ಇವತ್ತಿಂದ ನಂದೂ ಊಟ ಇಲ್ಲೇ. ಅವ್ವಗೂ ಹೇಳಿ ಬಂದೀನಿ. ನಾಳೆ ಬಸ್ಸಿಗೆ ಆದೋನಿ ದವಾಖಾನಿಗೆ ಹೋಗಾಣು."

"ಅಲ್ಲಿ ಕ್ಷಯ ಅಂದ್ರ?"

"ನನಗೂ ಅಂಜಿಕಿ ಐತಿ ಪಂಪಿ. ಎರಡು ದಿನದಿಂದ ನಿದ್ದಿ ಇಲ್ಲ. ಆದ್ರ ನಿನ್ನ ಬಂಡ್ಯಾಗ ಕುಂದ್ರಿಸಿ ಕಳ್ಸಿ, ನಾನು ಯಾರ ಮುಖ ನೋಡಿ ಉಣ್ಲಿ?"

ಪಂಪಮ್ಮನಿಗೆ ಅಳು ಒತ್ತರಿಸಿ ಬಂತು. ಮದುವೆಯ ದಿನ ಭೂಮದ ಊಟಕ್ಕೆ ಇಬ್ಬರೂ ಒಂದೇ ತಾಟಿಗೆ ಕೈ ಹಾಕಿದ್ದರು. ಸುತ್ತ ಜನ ನಗುತ್ತಿದ್ದರೆ ನಾಚಿ ಎರಡೇ ತುತ್ತಿಗೆ ಎದ್ದಿದ್ದರು. ಈಗ ನೋಡುವವರು ಯಾರೂ ಇರಲಿಲ್ಲ. ಭಯ ಮಾತ್ರ ಹೋಗಿರಲಿಲ್ಲ. ತಾನು ಬಾಯಿ ಹಚ್ಚದ ರೊಟ್ಟಿಯನ್ನೇ ಹುಡುಕಿ, ಮುರಿದು, ಅವನ ಬಾಯಿಯ ಹತ್ತಿರ ಹಿಡಿದಳು.

ಬಜಾರಪ್ಪ ಬೇಡವೆಂದು ತಲೆಯಾಡಿಸಿದ. ತಾಟಿನಲ್ಲಿ ಆಕೆ ಕಚ್ಚಿಟ್ಟಿದ್ದ ತುಂಡನ್ನು ಎತ್ತಿಕೊಂಡು ತಿಂದ.