ದುಂಡಗೆ ಉಜ್ಜಿದ ಅಂಚು

ಬೆಳಿಗ್ಗೆ ಒಂಬತ್ತಕ್ಕೆ ಭೂಮಿ ನಡುಗಿತು. ಇಟಲಿಯ ಎಮಿಲಿಯಾ ಸೀಮೆಯ ಆ ಊರಿನಲ್ಲಿ ಮುರುಕಲು ಹಂದಿ ಗೂಡೂ ನಿಂತೇ ಇತ್ತು. ಬಿದ್ದದ್ದು ಒಂದೇ, ಎಂಟು ವರ್ಷದ ಹಿಂದೆ ಉಕ್ಕಿನಲ್ಲಿ ಕಟ್ಟಿದ ಚೀಸ್ ಉಗ್ರಾಣ. ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ ಇವಾನೋ ಅದರಡಿ ಸಿಕ್ಕು ಸತ್ತ.

ಅವನಪ್ಪ ಓರೆಸ್ತೆ, ಊರಿನ ಹಳೇ ವೆಲ್ಡರ್. ಹೆಂಡತಿ ದಿರ್ಚೆಯ ಕೈಹಿಡಿದು ನೇರ ಠಾಣೆಗೆ ಬಂದ.

“ನಕ್ಷೆ ಬರೆದ ಆ ಎಂಜಿನಿಯರ್‌ಗೆ ಕೋಳ ಹಾಕು, ಲೊರೆಡಾನಾ.”

ಠಾಣಾಧಿಕಾರಿ ಲೊರೆಡಾನಾ ದೂರು ಬರೆದುಕೊಂಡಳು.

* * *

“ಕಟ್ಟಡ ಸುಮ್ನೆ ಕುಸಿದಿಲ್ಲ ಮೇಡಂ, ತಿರುಚ್ಕೊಂಡು ಬಿದ್ದಿದೆ,” ಎಂದ ಎಂಜಿನಿಯರ್ ಜಕ್ಕಾರಿಯಾ. ಒಂದೇ ದಿನಕ್ಕೆ ಮುಖ ಸೊರಗಿತ್ತು. “ಗೋಡೆಯ ಓರೆಕಂಬಿಗಳೇ ಅದನ್ನ ಬಿಗಿಯಾಗಿ ಹಿಡಿಯೋದು. ಒಂದೇ ಪಕ್ಕ ಇದ್ರೆ ಆ ಗೋಡೆ ಬಾಗಿಲ ಕೀಲು ಇದ್ದಂಗೆ. ಮಿಕ್ಕಿದ್ದೆಲ್ಲ ಅದರ ಸುತ್ತ ತಿರುಗುತ್ತೆ.”

“ಉತ್ತರದ ಗೋಡೇಲಿ ಮಾತ್ರ ಸಿಕ್ಕಿವೆ.”

“ನಾನು ದಕ್ಷಿಣಕ್ಕೂ ಹಾಕ್ಸಿದ್ದೆ. ಯಾರು ನಂಬ್ತಾರೆ?”

ನಂಬಿಸಿದ್ದು ಒಂದು ಫೋಟೋ. ಸೂರು ಮುಗಿದ ದಿನ ಅಲ್ಲಿನ ವಾಡಿಕೆಯಂತೆ ಕಟ್ಟಡದ ನೆತ್ತಿಗೆ ಹಸಿರು ಕೊಂಬೆ ಕಟ್ಟಿ, ಕೆಲಸಗಾರರೆಲ್ಲ ಕೆಳಗೆ ಊಟಕ್ಕೆ ಕೂತಿದ್ದರು. ಅವರ ಬೆನ್ನ ಹಿಂದೆ ದಕ್ಷಿಣದ ಗೋಡೆ, ಅದರಲ್ಲಿ ಓರೆಕಂಬಿಗಳು.

* * *

“ಈ ಫೋಟೋದಲ್ಲಿ ದಕ್ಷಿಣದ ಬಾಗಿಲೇ ಇಲ್ಲ. ಅದು ಯಾವಾಗ ಬಂತು?” ಎಂದು ಕೇಳಿದಳು ಲೊರೆಡಾನಾ.

“ಹೋದ ಬೇಸಿಗೇಲಿ,” ಎಂದ ಉಗ್ರಾಣದ ಮಾಲೀಕ ಮಲಾಗೋಲಿ. “ಸುತ್ತಿ ಬರ್ಬೇಕು ಅಂತ ಇವಾನೋ ದಿನಾ ಗೊಣಗ್ತಿದ್ದ. ಅಲ್ಲೊಂದು ಬಾಗಿಲು ಮಾಡ್ಕೊಳ್ರಪ್ಪಾ ಅಂದೆ.”

“ಯಾರಿಗೆ ಅಂದ್ರಿ?”

ಅವನು ಮಾತು ತಿರುಗಿಸಿ ಹಾಳಾದ ಚೀಸಿನ ಲೆಕ್ಕ ಹೇಳತೊಡಗಿದ. ಬಾಗಿಲಿಗಾಗಿ ಓರೆಕಂಬಿ ಕತ್ತರಿಸಿದ್ದು ಇವನೇ ಇರಬೇಕೆಂದು ಲೊರೆಡಾನಾಗೆ ಅನುಮಾನ ಬಂತು. ಅದು ಉಳಿದದ್ದು ಅವಶೇಷದಲ್ಲಿ ದಕ್ಷಿಣದ ಕಂಬಕ್ಕೆ ಅಂಟಿದ್ದ ಓರೆಕಂಬಿಯ ತುಂಡು ಕೈಗೆ ಸಿಗುವವರೆಗೆ ಮಾತ್ರ.

* * *

ದಿರ್ಚೆಯನ್ನು ಹೊರಗೆ ಕೂರಿಸಿ, ಓರೆಸ್ತೆಯನ್ನು ಠಾಣೆಯ ಕೋಣೆಗೆ ಕರೆದು, ಲೊರೆಡಾನಾ ಆ ತುಂಡನ್ನು ಮೇಜಿನ ಮೇಲಿಟ್ಟಳು. ಓರೆಸ್ತೆ ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಅಭ್ಯಾಸಬಲ.

“ಭೂಕಂಪಕ್ಕೆ ಹರಿದಿದ್ರೆ ಅಂಚು ಹಲ್ಲುಹಲ್ಲಾಗಿರ್ತಿತ್ತು, ಮಾಮ. ಇದನ್ನ ಕೊಯ್ದು, ಉಜ್ಜಿ, ಎರಡು ಸಲ ಬಣ್ಣ ಹೊಡೆದಿದಾರೆ. ಮಲಾಗೋಲಿಗೆ ಕಬ್ಬಿಣ ಉಜ್ಜೋ ಗ್ರೈಂಡರ್ ಹಿಡಿಯೋಕೂ ಬರಲ್ಲ. ನಮ್ಮನೆ ಗೇಟು ನೀವೇ ಮಾಡಿದ್ದು. ಮಕ್ಕಳ ಕೈ ತರಚಬಾರ್ದು ಅಂತ ಹೀಗೇ ದುಂಡಗೆ ಉಜ್ಜಿದ್ರಿ. ಈ ಊರಲ್ಲಿ ಬೇರೆ ಯಾರು ಅಷ್ಟು ಕಷ್ಟ ಪಡ್ತಾರೆ?”

ಅವನು ಬೆರಳು ತೆಗೆಯಲಿಲ್ಲ.

“ಇವಾನೋ ದಿನಕ್ಕೆ ನೂರು ಸಲ ಅಲ್ಲಿ ಓಡಾಡ್ತಿದ್ದ. ಅವನ ಕೈಗೆ ತಾಗದೇ ಇರ್ಲಿ ಅಂತ ಉಜ್ಜಿದೆ. ಬಾಗಿಲಿಗೆ ಅಡ್ಡ ಇದ್ದಿದ್ದು ನಾಲ್ಕೇ ಕಂಬಿ ಅಲ್ವಾ, ತೆಗೆದ್ರೆ ಏನಾಗುತ್ತೆ ಅಂದ್ಕೊಂಡೆ.”

“ಗೊತ್ತಿದ್ದೂ ಎಂಜಿನಿಯರ್ ಹೆಸರು ಹೇಳಿದ್ರಿ.”

“ಯಾರದ್ದಾದ್ರೂ ಹೇಳ್ಲೇಬೇಕಿತ್ತು. ಮಗನನ್ನ ಕೊಂದೋರು ಯಾರು ಅಂತ ದಿರ್ಚೆ ಕೇಳ್ತಾನೇ ಇದ್ಲು.”

ಲೊರೆಡಾನಾಗೆ ಅಳುವೂ ಬಂತು, ಸಿಟ್ಟೂ ಬಂತು. ದೂರಿನ ಹಾಳೆಯನ್ನು ಅವನ ಮುಂದೆ ಸರಿಸಿದಳು. ಅವನು ಜಕ್ಕಾರಿಯಾನ ಹೆಸರು ಹೊಡೆದು, ಮೇಲೆ ತನ್ನ ಹೆಸರು ಬರೆದ.

ಬಾಗಿಲು ತಟ್ಟಿ ದಿರ್ಚೆ ಒಳಗಿಣುಕಿದಳು.

“ಆ ಪಾಪಿ ಒಪ್ಕೊಂಡ್ನಾ?”

“ಒಪ್ಕೊಂಡ, ಕೂತ್ಕೋ ಬಾ,” ಎಂದು ಓರೆಸ್ತೆ ಅವಳಿಗೆ ಕುರ್ಚಿ ಬಿಟ್ಟು ಎದ್ದು ನಿಂತ.