ಮುಳ್ಳು ನಿಲ್ಲುವವರೆಗೆ

ಅಂಜಿನಮ್ಮ ಜಗುಲಿಯಲ್ಲಿ ಕೂತು, ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಚೊಂಬು ಉಜ್ಜುತ್ತಿದ್ದಳು. ಎದುರುಮನೆಯ ಬಾಡಿಗೆದಾರ ಆನಂದಪ್ಪ ಒಂದು ಕೈಯಲ್ಲಿ ತಾಮ್ರದ ಸುರುಳಿ, ಇನ್ನೊಂದರಲ್ಲಿ ಪೆಟ್ಟಿಗೆ ಹಿಡಿದು ಬಂದು ನಿಂತ.

"ಅಂಜಿನಮ್ನೋರೇ, ಸ್ವಲ್ಪ ಈ ಹ್ಯಾಂಡಲ್ ತಿರುಗಿಸ್ತೀರಾ?"

"ಬೆಳ್ಬೆಳಗ್ಗೆ ಇದೇನ್ರೀ, ಕಾಫಿಬೀಜ ಪುಡಿ ಮಾಡೋದಾ?"

"ಮೆಗ್ಗರ್ ಕಣ್ರೀ!"

ಊರೂರಿಗೂ ಆಗಷ್ಟೇ ಕರೆಂಟು ಬರುತ್ತಿದ್ದ ಕಾಲ. ಆನಂದಪ್ಪ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಟ್ರಾನ್ಸ್‌ಫಾರ್ಮರ್ ಪರೀಕ್ಷಿಸುವ ಇಂಜಿನಿಯರು. ಕರೆಂಟು ಸೋರದಂತೆ ಸುರುಳಿಗೆ ಸುತ್ತಿದ ಹೊದಿಕೆ ಗಟ್ಟಿಯೋ ಟೊಳ್ಳೋ ಎಂದು ಹೇಳುವುದು ಈ ಮೆಗ್ಗರ್ ಪೆಟ್ಟಿಗೆ. ಆದರೆ ಅಲ್ಲಿನ ಕೆಲಸಗಾರರಲ್ಲಿ ಪಿಳ್ಳಣ್ಣ ಬಸ್ಸು ತಪ್ಪಿಹೋಗುತ್ತದೆಂಬಂತೆ ಹ್ಯಾಂಡಲ್ ತಿರುಗಿಸುತ್ತಿದ್ದ; ಖುದ್ದೂಸ್ ತೊಟ್ಟಿಲು ತೂಗುವವನಂತೆ. ಅದೇ ಸುರುಳಿ ಒಬ್ಬನ ಕೈಯಲ್ಲಿ ಪಾಸು, ಇನ್ನೊಬ್ಬನ ಕೈಯಲ್ಲಿ ಫೇಲು. ಎಲ್ಲರಿಗೂ ಒಂದೇ ಕ್ರಮ ಗೊತ್ತುಮಾಡುವ ಕೆಲಸ ಆನಂದಪ್ಪನ ತಲೆಗೆ ಬಿದ್ದಿತ್ತು.

"ಏನೂ ಗೊತ್ತಿಲ್ದೋರು ತಿರುಗ್ಸಿದ್ರೂ ಅದೇ ಲೆಕ್ಕ ಬರ್ಬೇಕು. ಆಗ್ಲೇ ಕ್ರಮ ಸರಿ ಅನ್ನೋದು."

"ಏನೂ ಗೊತ್ತಿಲ್ದೋಳು ಅಂತ ನನ್ನನ್ನೇ ಹುಡುಕ್ಕೊಂಡ್ ಬಂದ್ರಾ?"

ಅವನ ಕಿವಿ ಕೆಂಪಾಯಿತು. ಆ ಕೆಂಪು ನೋಡುವುದಕ್ಕೆಂದೇ ಅಂಜಿನಮ್ಮ ದಿನಕ್ಕೊಂದು ಮಾತು ಹುಡುಕಿಡುತ್ತಿದ್ದಳು.

ಅವನು ಪೆಟ್ಟಿಗೆಯ ತಂತಿಗಳನ್ನು ಸುರುಳಿಗೆ ಸಿಕ್ಕಿಸಿದ. ಅವಳು ತಿರುಗಿಸತೊಡಗಿದಳು. ಮಗಳು ಬೈರಿ ಅವನ ವಾಚು ಹಿಡಿದು ನಿಂತಳು. ಪೆಟ್ಟಿಗೆಯ ಮುಳ್ಳು ಮೆಲ್ಲಗೆ ಏರಿತು.

"ಓದ್ಲಾ?" ಅಂಜಿನಮ್ಮ ಕೇಳಿದಳು.

"ಬೇಡಿ! ಮೊದ್ಲು ತೋರ್ಸಿದ್ದನ್ನ ನಂಬ್ಬಾರ್ದು. ಪೂರ್ತಿ ಒಂದ್ ನಿಮಿಷ ಒಂದೇ ಸಮ ತಿರುಗ್ಸಿ. ಆಮೇಲೇ ಓದೋದು."

"ಒಂದ್ ನಿಮಿಷ ಆಯ್ತು, ಸಾರ್!" ಬೈರಿ ಕೂಗಿದಳು.

ಆನಂದಪ್ಪ ಬಗ್ಗಿ ನೋಡಿದ. ನಿನ್ನೆ ಕಾರ್ಖಾನೆಯಲ್ಲಿ ಅವನಿಗೆ ಬಂದಿದ್ದ ಲೆಕ್ಕವೇ! ಕುಣಿಯುವಂತಾದವನು ಇದ್ದಕ್ಕಿದ್ದಂತೆ ಸಪ್ಪಗಾದ.

"ಇನ್ನು ಎಲ್ರೂ ಒಪ್ಕೋತಾರೆ. ಬೇರೆ ಊರುಗಳಲ್ಲಿ ಕಲ್ಸೋಕೆ ನನ್ನೇ ಕಳಿಸ್ತಾರಂತೆ. ಭಾನುವಾರ ಹೊರಡ್ಬೇಕು."

ಇದು ಮೊದಲೇ ಗೊತ್ತಿದ್ದರೆ ಅಂಜಿನಮ್ಮ ಲೆಕ್ಕ ತಪ್ಪಲೆಂದೇ ಪಿಳ್ಳಣ್ಣನ ಹಾಗೆ ತಿರುಗಿಸಿಬಿಡುತ್ತಿದ್ದಳು.

"ಒಳ್ಳೇದಾಯ್ತು ಬಿಡಿ," ಎಂದು ಸುರುಳಿಯನ್ನು ಪಕ್ಕಕ್ಕಿಡಲು ಕೈಚಾಚಿದಳು.

"ಮುಟ್ಬೇಡಿ!" ಅವನು ಅವಳ ಮಣಿಕಟ್ಟು ಹಿಡಿದ. "ತಿರುಗ್ಸೋದು ನಿಲ್ಸಿದ್ಮೇಲೂ ಒಳಗೆ ಕರೆಂಟ್ ಉಳ್ದಿರತ್ತೆ. ಮೇಲಿಂದ ನೋಡಿದ್ರೆ ಗೊತ್ತಾಗಲ್ಲ."

"ನಂಗೆ ಗೊತ್ತಾಗತ್ತೆ," ಅಂದಳು ಅಂಜಿನಮ್ಮ, ಸುರುಳಿಯ ಕಡೆ ನೋಡದೆ.

ಹಿಡಿದ ಕೈ ಹಿಡಿದೇ ಇತ್ತು. ಅಂಜಿನಮ್ಮನಂತೆ ಗಂಡ ತೀರಿಹೋದವಳು ಮತ್ತೆ ಮದುವೆಯಾಗುವುದು ಅವರ ಜನರಲ್ಲಿ ಹೊಸದಲ್ಲ. ಆದರೆ ಕೇಳಬೇಕಾದವನು ಬಾಯಿ ಬಿಡಬೇಕಲ್ಲ! ಆನಂದಪ್ಪ ಮೆಗ್ಗರಿನ ಮುಳ್ಳನ್ನೇ ನೋಡುತ್ತ ನಿಂತ.

"ಒಂದ್ ನಿಮಿಷ ಆಯ್ತು," ಅಂದಳು ಬೈರಿ.

ಇಬ್ಬರೂ ಅಲುಗಾಡಲಿಲ್ಲ.

"ಇನ್ನೊಂದೂ ಆಯ್ತು."

ಮಗಳ ಬಾಯಿ ಮುಚ್ಚಿಸಲು ಅಂಜಿನಮ್ಮ ಇನ್ನೊಂದು ಕೈ ಎತ್ತಿದಳು. ಏನನ್ನಿಸಿತೋ, ಹುಣಸೆಹಣ್ಣು ಮೆತ್ತಿದ್ದ ಆ ಕೈಯನ್ನು ಹಾಗೇ ಮಡಿಲಿಗೆ ಇಳಿಸಿಕೊಂಡಳು.

ಬೈರಿ ಅಜ್ಜಿಯಂತೆ ನಿಟ್ಟುಸಿರು ಬಿಟ್ಟು, ವಾಚನ್ನು ಆನಂದಪ್ಪನ ಮೂಗಿನ ಮುಂದೆ ಹಿಡಿದಳು.

"ಸಾರ್, ನಮ್ಮಮ್ಮನ್ನ ಮದ್ವೆ ಆಗ್ತೀರೋ, ಇಲ್ಲಾ ಇನ್ನೂ ಒಂದ್ ನಿಮಿಷ ಬೇಕೋ?"