ಮೆಣಸು ಊದಿದ ನಾಲ್ಕು ಸ್ವರ

“ತು, ತು, ತು, ತು” ಅಂದಿತು ಇಡೀ ಬ್ಯಾಂಡ್ ರೂಮು.

ಮೆಣಸು ಮಾತ್ರ ಬಾಯಿ ಬಿಡಲಿಲ್ಲ. ಟ್ರಂಪೆಟ್ಟನ್ನು ಮಡಿಲಲ್ಲಿಟ್ಟುಕೊಂಡು, ಜೇಬಿನಿಂದ ಕರ್ಚೀಫು ತೆಗೆದು, ಮುಂದಿನ ಸಾಲಿನ ಹುಡುಗಿಯ ಬೆನ್ನು ಒರೆಸಿದಳು.

“ಏನೇ ಅದು?” ಎಂದು ಆ ಹುಡುಗಿ ತಿರುಗಿದಳು.

“ಹಿಂದಿನಿಂದ ಮಳೆ ಬರ್ತಿದೆ” ಎಂದು ಮೆಣಸು ಪಕ್ಕದಲ್ಲಿ ಟ್ರಂಪೆಟ್ ಹಿಡಿದು ಕೂತಿದ್ದ ಹುಡುಗ ಕಡ್ಡಿಯ ಕಡೆ ಕಣ್ಣು ಹಾಯಿಸಿದಳು. “ಇವನ ಮುಂದೆ ಕೂರೋರು ಕೊಡೆ ತರಬೇಕು.”

ಎರಡು ಸಾಲು ಕಿಸಕ್ಕನೆ ನಕ್ಕವು. ಕಡ್ಡಿ ತನ್ನ ಬೂಟಿನ ತುದಿ ನೋಡಿಕೊಂಡ.

ಅವಳಿಗೆ ಮೆಣಸು ಎಂದು ಹೆಸರಿಟ್ಟವರು ಮನೆಯವರು. ಮಿಕ್ಕವರಿಗೆಲ್ಲ ಹೆಸರಿಟ್ಟವಳು ಮೆಣಸು. ಸಣಕಲ ಹುಡುಗ ಕಡ್ಡಿ. ಡ್ರಮ್ ಬಾರಿಸುವವನು ಡಬ್ಬ. ಈ ವರ್ಷ ಹೊಸದಾಗಿ ಬಂದ ಬ್ಯಾಂಡ್ ಮಿಸ್ಸು, ಬಂದ ದಿನವೇ ‘ತೂತೂ ಮಿಸ್’ ಆಗಿದ್ದರು.

“ನಲ್ಲಿ ಬಿಟ್ಟು, ಬೀಳೋ ನೀರಿಗೆ ಬೆರಳು ಅಡ್ಡ ಇಟ್ಟು ತೆಗೀತೀರಲ್ಲ, ಹಾಗೆ” ಎನ್ನುತ್ತಿದ್ದರು ಮಿಸ್ಸು. “ನೀರು ಹರೀತಾನೇ ಇರುತ್ತೆ. ಉಸಿರೂ ಹಾಗೇ ಹರೀಬೇಕು. ನಾಲಿಗೆ ತುದಿ ಹಲ್ಲಿನ ಹಿಂದೆ ಮುಟ್ಟಿ ಬಂದ್ರೆ ಸಾಕು, ಒಂದೊಂದು ಸ್ವರವೂ ಬೇರೆಬೇರೆ ಕೇಳ್ಸುತ್ತೆ. ಎಲ್ಲಿ, ನೀನು ಊದು ನೋಡೋಣ.”

ಮೆಣಸು ಎದ್ದು ಕೆನ್ನೆ ತುಂಬ ಗಾಳಿ ತುಂಬಿಕೊಂಡು ಊದಿದಳು. ಕಿಟಕಿಯ ಗಾಜು ಗಡಗಡ ಅಂದಿತು.

“ಸದ್ದು ಜೋರಾಗಿದೆ” ಎಂದರು ಮಿಸ್ಸು. “ನಾಲಿಗೆ ಎಲ್ಲಿ?”

“ಬಾಯಲ್ಲೇ ಇದೆ ಮಿಸ್.”

ಮತ್ತೆ ನಗು. ಮಿಸ್ಸು ಮಾತ್ರ ನಗಲಿಲ್ಲ. “ಮಾತಾಡೋವಾಗ ಅಷ್ಟು ಓಡೋ ನಾಲಿಗೆ, ಟ್ರಂಪೆಟ್ ಇಟ್ಕೊಂಡ ತಕ್ಷಣ ಮಲಗಿಬಿಡುತ್ತಲ್ಲ. ಶುಕ್ರವಾರ ಎಲ್ಲರದ್ದೂ ಮತ್ತೆ ಕೇಳ್ತೀನಿ. ಸ್ಪೋರ್ಟ್ಸ್ ಡೇ ದಿನ ಶುರುವಿನ ನಾಲ್ಕು ಸ್ವರ ಯಾರು ಊದ್ಬೇಕು ಅಂತ ಅವತ್ತು ಹೇಳ್ತೀನಿ.”

ಯಾರು ಊದಬೇಕು ಅಂದರೆ? ಹೋದ ವರ್ಷ ಊದಿದವಳು ಮೆಣಸು. ಮೈದಾನದ ಆಚೆ ತುದಿಯವರೆಗೂ ಕೇಳಿಸಿತ್ತು. ಕಡ್ಡಿಯದು ಬರೀ ಸೆಕೆಂಡ್ ಟ್ರಂಪೆಟ್, ಅವಳ ಜೊತೆ ಊದುವ ಎರಡನೇ ಪಾಲು. ಈ ಮಿಸ್ಸು ಎಲ್ಲಿಂದಲೋ ಬಂದು ತು ತು ಅನ್ನಿ ಎಂದರೆ ಅನ್ನಬೇಕೇ? ಮನೆ ತಲುಪುವವರೆಗೂ ಅವಳು ದಾರಿಯ ಕಲ್ಲುಗಳನ್ನೆಲ್ಲ ಒದೆಯುತ್ತ ಬಂದಳು.

ಅಕ್ಕ ಮಂಚದ ಮೇಲೆ ಕಾಲೇಜಿನ ಪುಸ್ತಕ ಹರಡಿಕೊಂಡಿದ್ದಳು.

“ಅಕ್ಕಾ, ನಾನು ಊದೋದನ್ನ ರೆಕಾರ್ಡ್ ಮಾಡು. ಬ್ಯಾಂಡ್ ಗ್ರೂಪಿಗೆ ಹಾಕ್ಬೇಕು.”

ಅಕ್ಕ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಫೋನು ಹಿಡಿದಳು.

ಮೆಣಸು ಗಂಟಲು ಸರಿಮಾಡಿಕೊಂಡಳು. “ಇದು ಕಡ್ಡಿಗೋಸ್ಕರ. ಉಗುಳೋದಕ್ಕೂ ಊದೋದಕ್ಕೂ ವ್ಯತ್ಯಾಸ ಗೊತ್ತಿಲ್ಲದೋರಿಗೆಲ್ಲ. ತೂತೂ ಮಿಸ್ಸೂ ಬೇಕಾದ್ರೆ ಕೇಳಿಸ್ಕೊಳ್ಳಲಿ.”

ಆಮೇಲೆ ಊದಿದಳು. ಅವಳ ತಲೆಯೊಳಗೆ ನಾಲ್ಕೂ ಸ್ವರ ಸೈನಿಕರ ಹಾಗೆ ಸಾಲಾಗಿ ನಡೆದುಹೋದವು.

“ಹಾಕು ಗ್ರೂಪಿಗೆ.”

“ನೀನೊಂದ್ಸಲ ಕೇಳಲ್ವಾ?”

“ನಾನೇ ಊದಿದ್ದು ತಾನೇ? ನಾನ್ಯಾಕೆ ಕೇಳ್ಲಿ?”

ಅಕ್ಕ ಗ್ರೂಪಿಗೆ ಹಾಕದೆ, ಮಾತಿನ ಭಾಗ ದಾಟಿಸಿ ಪ್ಲೇ ಬಟನ್ ಒತ್ತಿದಳು. ಮೊದಲು ಬರೀ ಗಾಳಿ ಬುಸ್ ಅಂದಿತು. ಸ್ವಲ್ಪ ತಡೆದು ‘ಭೂಊಊಂ’ ಎಂದು ಏನೋ ನರಳಿತು. ನಾಲ್ಕು ಸ್ವರ ಎಲ್ಲಿ? ಒದ್ದೆಯಾದ ಕಾಗದಗಳ ಹಾಗೆ ಎಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು.

“ಲಾರಿ ರಿವರ್ಸ್ ತಗೊಳ್ತಿದೆ” ಎಂದಳು ಅಕ್ಕ, ಪುಸ್ತಕದಿಂದ ತಲೆಯೆತ್ತದೆ.

“ನಿನ್ನ ಫೋನೇ ಸರಿ ಇಲ್ಲ.”

“ಹೌದಾ?” ಅಕ್ಕ ಈ ಸಲ ಮೊದಲಿನಿಂದ ಹಾಕಿದಳು. ಇದು ಕಡ್ಡಿಗೋಸ್ಕರ, ಎಂದಿತು ಫೋನು. ಉಗುಳೋದಕ್ಕೂ ಊದೋದಕ್ಕೂ. ಒಂದೊಂದು ಅಕ್ಷರವೂ ಕಡ್ಡಿ ಮುರಿದ ಹಾಗೆ ಸ್ಪಷ್ಟವಾಗಿತ್ತು. ಅದರ ಬೆನ್ನಿಗೇ ಭೂಊಊಂ.

ಫೋನು ಸರಿಯಾಗಿಯೇ ಇತ್ತು.

ಇನ್ನೊಂದು ಸಲ ಊದಿದಳು, ಅದನ್ನೂ ಕೇಳಿದಳು. ಲಾರಿ ಇನ್ನೂ ರಿವರ್ಸಿನಲ್ಲೇ ಇತ್ತು.

“ನಾನು ದಿನಾ ಹೀಗೇ ಊದ್ತೀನಾ?”

“ಹೂಂ.”

“ಮತ್ತೆ ಒಂದು ಮಾತು ಹೇಳೋದಲ್ವಾ?”

“ಹೋದ ತಿಂಗಳು ಹೇಳಿದ್ನಲ್ಲ. ಆಗ ನನ್ನ ಮೂಗಿನ ಬಗ್ಗೆ ನೀನೇನಂದೆ, ನೆನಪಿದ್ಯಾ?”

ನೆನಪಿತ್ತು. ಅಪ್ಪ ಅಮ್ಮ ಇಬ್ಬರೂ ನಕ್ಕಿದ್ದರು. ಅಕ್ಕ ಊಟ ಬಿಟ್ಟು ಎದ್ದು ಹೋಗಿದ್ದಳು ಎನ್ನುವುದು ಈಗಷ್ಟೇ ನೆನಪಾಯಿತು.

ಮರುದಿನ ಮೆಣಸು ಬೇಗ ಬ್ಯಾಂಡ್ ರೂಮಿಗೆ ಹೋದಳು. ಕಡ್ಡಿ ಒಬ್ಬನೇ ಮೂಲೆಯಲ್ಲಿ ಕೂತು ಊದುತ್ತಿದ್ದ. ಅವನ ಸ್ವರಗಳು ತಟ್ಟೆಗೆ ಬಟಾಣಿ ಬಿದ್ದ ಹಾಗೆ ಬಿಡಿಬಿಡಿಯಾಗಿ ಬೀಳುತ್ತಿದ್ದವು. ಅವಳನ್ನು ಕಂಡದ್ದೇ ಟ್ರಂಪೆಟ್ ಕೆಳಗಿಳಿಸಿದ.

“ನಾನು ಊದೋದು ನಿಂಗೆ ಹೇಗೆ ಕೇಳ್ಸುತ್ತೆ?”

ಅವಳ ಹಿಂದೆ ನಗುವುದಕ್ಕೆ ಯಾರಾದರೂ ಬಂದಿದ್ದಾರೋ ಎಂದು ಕಡ್ಡಿ ಇಣುಕಿ ನೋಡಿದ. “ಚೆನ್ನಾಗೇ ಇರುತ್ತೆ.”

“ನಿಜ ಹೇಳೋ.”

“ಹೇಳಿದ್ರೆ ನೀನು ಏನಾದ್ರೂ ಅಂತೀಯ.”

ಮೆಣಸಿನ ನಾಲಿಗೆಯ ತುದಿಗೆ ಆಗಲೇ ಒಂದು ಮಾತು ಬಂದಿತ್ತು. ಅವಳು ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಹಿಡಿದಳು. ಮಾತು ಹೋದ ಮೇಲೆ, “ಅನ್ನಲ್ಲ” ಎಂದಳು.

“ಮೊದಲನೇ ಸ್ವರ ತಡವಾಗಿ ಬರುತ್ತೆ” ಎಂದ ಕಡ್ಡಿ. ಅಷ್ಟು ಹೇಳಿ, ಗೊತ್ತಿಲ್ಲದ ನಾಯಿಯ ತಲೆ ಮುಟ್ಟಿ ಕೈ ಎಳೆದುಕೊಂಡವನ ಹಾಗೆ ಅವಳನ್ನೇ ನೋಡಿದ. ಏನೂ ಆಗಲಿಲ್ಲ. “ಮಿಕ್ಕಿದ್ದೆಲ್ಲ ಅಂಟ್ಕೊಳ್ಳುತ್ತೆ. ಒಂದೊಂದು ಸ್ವರಕ್ಕೂ ನೀನು ನಾಲಿಗೆ ಮುಟ್ಟಿಸದೆ ಬರೀ ಉಸಿರು ತಳ್ತೀಯ, ಅದಕ್ಕೆ. ಹೋದ ವರ್ಷದಿಂದಲೂ ಹಾಗೇನೇ.”

ಹೋದ ವರ್ಷದಿಂದ. ಇಷ್ಟು ದಿನ ಅವನ ಕಿವಿ ಅವಳ ಟ್ರಂಪೆಟ್ಟಿನ ಪಕ್ಕದಲ್ಲೇ ಇತ್ತು. ಒಂದು ದಿನವೂ ಅವನು ನಕ್ಕಿರಲಿಲ್ಲ.

“ನೀನು ಹೇಗೆ ಮಾಡ್ತೀಯ, ತೋರ್ಸು” ಎಂದಳು ಮೆಣಸು.

ಬೆಲ್ ಹೊಡೆಯುವವರೆಗೆ ಇಬ್ಬರೂ ಊದಿದರು. ಅವಳಿಗೆ ಸರಿಯಾಗಿ ಬಂದದ್ದು ಒಂದೇ ಒಂದು ಸ್ವರ.

ಶುಕ್ರವಾರ ಮಿಸ್ಸು ಎಲ್ಲರದ್ದೂ ಕೇಳಿದರು. ಮೆಣಸು ಊದಿದಾಗ ಎರಡು ಸ್ವರ ಬಿಡಿಯಾಗಿ ಬಂದವು, ಎರಡು ಅಂಟಿಕೊಂಡವು. “ನಾಲಿಗೆ ಎದ್ದಿದೆ” ಎಂದರು ಮಿಸ್ಸು. ಆದರೆ ಶುರುವಿನ ನಾಲ್ಕು ಸ್ವರ ಕಡ್ಡಿಯ ಪಾಲಾಯಿತು.

ರೂಮು ಸದ್ದಿಲ್ಲದೆ ಮೆಣಸಿನ ಕಡೆ ತಿರುಗಿತು. ಡಬ್ಬ ಆಗಲೇ ನಗುವುದಕ್ಕೆ ಬಾಯಿ ಅಗಲ ಮಾಡಿಕೊಂಡಿದ್ದ. ಎಲ್ಲರೂ ಅವಳ ಮಾತಿಗಾಗಿ ಕಾಯುತ್ತಿದ್ದರು.

ಅವಳು ಕಡ್ಡಿಯನ್ನು ನೋಡಿದಳು. ಗೆದ್ದವನು ಅವನು. ಆದರೂ ಅವಳು ಬಾಯಿ ತೆರೆಯುವ ಮೊದಲೇ, ಏಟು ಬೀಳುತ್ತದೆ ಎಂದು ಗೊತ್ತಿದ್ದವನ ಹಾಗೆ ಭುಜ ಕುಗ್ಗಿಸಿಕೊಂಡು ಕೂತಿದ್ದ.

“ಸೆಕೆಂಡ್ ಟ್ರಂಪೆಟ್ ಹಾಳೆ ನಿನ್ನ ಹತ್ರ ಇದೆಯಲ್ಲ, ಕೊಡು” ಎಂದಳು ಮೆಣಸು. “ಇನ್ಮೇಲೆ ಅದು ನಂದು.”

ಕಡ್ಡಿ ಸ್ವಲ್ಪ ಹೊತ್ತು ಕಾದ. ಅದರ ಹಿಂದೆ ಬೇರೆ ಮಾತು ಬರಲಿಲ್ಲ. ಆಮೇಲೆ ನಿಧಾನವಾಗಿ ಭುಜ ಸಡಿಲಿಸಿ, ಹಾಳೆಯನ್ನು ಅವಳ ಸ್ಟ್ಯಾಂಡಿನ ಮೇಲಿಟ್ಟ.